ಟ್ರಾಲ್ ಬಲೆಯ ಕಣ್ಣಿನಿಂದ ಮೀನು ಪಾರಾಗುವ ಗಣಕ ಮಾದರಿ: ಲೆಕ್ಕವು ಸಮುದ್ರಕ್ಕೆ ಹೊಂದದಿದ್ದಾಗ ದೋಷ ಹುಡುಕುವ ಕ್ರಮ

ಟ್ರಾಲ್ ಬಲೆಯ ಕೊನೆಯ ಚೀಲವಾದ ಕೋಡ್‌ಎಂಡನ್ನು ಗಣಕದಲ್ಲಿ ಕಟ್ಟಿ, ಅದರೊಳಗೆ ಬೇರೆ ಬೇರೆ ಉದ್ದದ ಮೀನುಗಳನ್ನು ಬಿಟ್ಟು, ಯಾವ ಉದ್ದದವು ಕಣ್ಣಿನಿಂದ ನುಸುಳಿ ಹೋಗುತ್ತವೆ, ಯಾವುವು ಒಳಗೇ ಉಳಿಯುತ್ತವೆ ಎಂದು ಲೆಕ್ಕ ಹಾಕುವ ವಿದ್ಯೆ ಈಗ ಹೊಸದಲ್ಲ. ವಜ್ರಾಕೃತಿಯ ಕಣ್ಣಿನ ಚೀಲವು ನೀರಿನಲ್ಲಿ ಯಾವ ಆಕಾರ ತಾಳುತ್ತದೆ ಎಂಬುದಕ್ಕೆ ಓ'ನೀಲ್ 1997ರಲ್ಲಿ ಸಮೀಕರಣಗಳನ್ನು ಕೊಟ್ಟರು. ಫ್ರಾನ್ಸಿನ ಡೇನಿಯಲ್ ಪ್ರಿಯೂರ್ ಬಲೆಯನ್ನು ತ್ರಿಕೋನಗಳಾಗಿ ಒಡೆದು ಲೆಕ್ಕ ಹಾಕುವ ಪರಿಮಿತ ಅಂಶ ವಿಧಾನವನ್ನು ಬೆಳೆಸಿದರು. ಡೆನ್ಮಾರ್ಕಿನ ಬೆಂಟ್ ಹರ್ಮನ್ 2005ರಲ್ಲಿ ಪ್ರಿಸೆಮೋ ಎಂಬ ಸಿಮ್ಯುಲೇಶನ್ ಮಾದರಿಯನ್ನೂ 2009ರಲ್ಲಿ ಸಂಗಡಿಗರೊಂದಿಗೆ ಫಿಶ್‌ಸೆಲೆಕ್ಟ್ ಎಂಬ ವಿಧಾನವನ್ನೂ ಪ್ರಕಟಿಸಿದರು. ಈ ದಾರಿಯಲ್ಲಿ ಸ್ವಂತ ಮಾದರಿ ಬರೆದವರಿಗೆ ಎದುರಾಗುವ ತೊಂದರೆ ಸಾಮಾನ್ಯವಾಗಿ ಒಂದೇ: ಕೋಡ್ ಯಾವ ತಕರಾರೂ ಇಲ್ಲದೆ ಓಡುತ್ತದೆ, ಯಾವ ಉದ್ದದ ಮೀನು ಎಷ್ಟು ಪಾಲು ಒಳಗೆ ಉಳಿಯುತ್ತದೆ ಎಂದು ತೋರಿಸುವ ಅಂದವಾದ ವಕ್ರರೇಖೆಯೂ ಬರುತ್ತದೆ, ಆದರೆ ಆ ರೇಖೆ ದೋಣಿಯಲ್ಲಿ ಅಳೆದು ತಂದ ರೇಖೆಯ ಮೇಲೆ ಕೂರುವುದಿಲ್ಲ.

ಆಗ ಹೆಚ್ಚಿನವರು ಮಾಡುವ ಮೊದಲ ಕೆಲಸವೆಂದರೆ ಮೀನಿನ ವರ್ತನೆಯ ನಿಯತಾಂಕಗಳನ್ನು ತಿರುಗಿಸುವುದು. ಮೀನು ಎಷ್ಟು ಸಲ ಕಣ್ಣಿಗೆ ನುಗ್ಗುತ್ತದೆ, ಎಷ್ಟು ಹೊತ್ತಿಗೆ ದಣಿಯುತ್ತದೆ, ಯಾವ ಓರೆಯಲ್ಲಿ ನುಗ್ಗುತ್ತದೆ ಎಂಬುವನ್ನು ಯಾರೂ ನೇರವಾಗಿ ಅಳೆದಿರುವುದಿಲ್ಲವಾದ್ದರಿಂದ ಅವುಗಳನ್ನು ಬದಲಿಸಿದರೆ ಪ್ರಶ್ನಿಸುವವರೂ ಇರುವುದಿಲ್ಲ. ಅಪಾಯವಿರುವುದೂ ಅಲ್ಲಿಯೇ. ವರ್ತನೆಯ ಮೂರು ನಾಲ್ಕು ನಿಯತಾಂಕಗಳು ಕೈಯಲ್ಲಿದ್ದರೆ ಬಲೆಯ ಕಣ್ಣನ್ನೇ ತಪ್ಪಾಗಿ ಬರೆದ ಮಾದರಿಯನ್ನೂ ಒಂದು ಎಳೆತದ, ಅಂದರೆ ಬಲೆಯನ್ನು ಒಮ್ಮೆ ಬಿಟ್ಟು ಎಳೆದು ತೆಗೆದಾಗಿನ, ದತ್ತಾಂಶಕ್ಕೆ ಹೊಂದಿಸಿಬಿಡಬಹುದು. ಬಲೆ ಬದಲಾದ ಕೂಡಲೇ ಅದು ಮತ್ತೆ ಕೈಕೊಡುತ್ತದೆ. ಆದುದರಿಂದ ಇಲ್ಲಿ ಸೂಚಿಸಿರುವ ಕ್ರಮದಲ್ಲಿ ಅಳತೆ, ಕಣ್ಣಿನ ಆಕಾರ, ಮೀನಿನ ಮೈ, ಕಾಲದ ಲೆಕ್ಕ, ದತ್ತಾಂಶ ಇವೆಲ್ಲ ಮುಗಿದ ಮೇಲೆಯೇ ವರ್ತನೆಗೆ ಕೈ ಹಾಕಬೇಕು.

ರೇಖೆಯ ಯಾವ ಭಾಗ ತಪ್ಪಿದೆ?

ಈ ಉಳಿಕೆಯ ರೇಖೆಯನ್ನು ಸಾಮಾನ್ಯವಾಗಿ ಇಂಗ್ಲಿಷಿನ ಎಸ್ ಅಕ್ಷರದಂತಿರುವ ಲಾಜಿಸ್ಟಿಕ್ ರೂಪದಲ್ಲಿ ಬರೆದು ಎರಡು ಸಂಖ್ಯೆಗಳಿಗೆ ಇಳಿಸುತ್ತಾರೆ. ಚೀಲ ಸೇರಿದ ಮೀನುಗಳಲ್ಲಿ ಅರ್ಧ ಉಳಿದು ಅರ್ಧ ಪಾರಾಗುವ ಉದ್ದವನ್ನು ಎಲ್50 ಎನ್ನುತ್ತಾರೆ. ನೂರಕ್ಕೆ 25 ಉಳಿಯುವ ಉದ್ದಕ್ಕೂ 75 ಉಳಿಯುವ ಉದ್ದಕ್ಕೂ ಇರುವ ಅಂತರವೇ ಆಯ್ಕೆಯ ಹರವು. ಲಾಜಿಸ್ಟಿಕ್ ರೇಖೆಯಲ್ಲಿ ಈ ಹರವು 2.197ನ್ನು ಇಳಿಜಾರಿನ ಗುಣಾಂಕದಿಂದ ಭಾಗಿಸಿದಷ್ಟಿರುತ್ತದೆ. ದೋಷ ಹುಡುಕುವವನಿಗೆ ಈ ಎರಡನ್ನು ಬೇರೆಬೇರೆಯಾಗಿ ನೋಡುವ ಅಭ್ಯಾಸ ಬೇಕು. ರೇಖೆ ಇಡಿಯಾಗಿ ಎಡಕ್ಕೋ ಬಲಕ್ಕೋ ಸರಿದಿದ್ದರೆ ಅಳತೆ, ಕಣ್ಣಿನ ಕೋನ, ಮೀನಿನ ಅಡ್ಡಕೊಯ್ತ, ಇವುಗಳಲ್ಲಿ ಒಂದು ತಪ್ಪಿದೆ ಎಂದು ಮೊದಲು ಶಂಕಿಸಬೇಕು. ರೇಖೆ ಸರಿಯಾದ ಜಾಗದಲ್ಲಿದ್ದೂ ಗೋಡೆಯಂತೆ ಕಡಿದಾಗಿದ್ದರೆ ಮಾದರಿಯಲ್ಲಿ ಸಹಜವಾದ ವ್ಯತ್ಯಾಸಗಳು ಬಿಟ್ಟುಹೋಗಿವೆ. ತೀರಾ ಸಣ್ಣ ಮೀನಿನ ಕಡೆ ರೇಖೆ ಸೊನ್ನೆಗೆ ಇಳಿಯದೆ ನಿಂತಿದ್ದರೆ, ಅಥವಾ ದೊಡ್ಡ ಮೀನಿನ ಕಡೆ ಒಂದಕ್ಕೆ ಏರದೆ ನಿಂತಿದ್ದರೆ, ಅದು ಕಾಲದ, ದತ್ತಾಂಶದ ಅಥವಾ ಕೊನೆಗೆ ವರ್ತನೆಯ ಪ್ರಶ್ನೆಯೇ ಹೊರತು ಕಣ್ಣಿನದಲ್ಲ.

ಅಳತೆಯ ಗೊಂದಲಗಳು

ಕಣ್ಣಿನ ಗಾತ್ರ 35 ಮಿ.ಮೀ. ಎಂದು ಬರೆದಿದ್ದರೆ ಅದಕ್ಕೆ ಮೂರು ಅರ್ಥಗಳಿರಬಹುದು: ಒಂದು ಬದಿಯ ನೂಲಿನ ಉದ್ದ, ಎಳೆದು ಹಿಡಿದ ಕಣ್ಣಿನ ಎದುರುಬದುರು ಗಂಟುಗಳ ನಡುಬಿಂದುಗಳ ಅಂತರ, ಅಥವಾ ಎಳೆದು ಹಿಡಿದಾಗ ಎರಡು ಗಂಟುಗಳ ನಡುವೆ ಉಳಿಯುವ ಒಳ ತೆರವು. ಮೀನು ನುಸುಳುವುದು ಮೂರನೆಯದರಿಂದ; ಬಲೆಯ ಕಣ್ಣನ್ನು ಅಳೆಯುವ ಒಮೆಗಾ ಮಾಪಕವು ನಿಗದಿತ ಬಲದಲ್ಲಿ ಎಳೆದು ಓದುವುದೂ ಅದನ್ನೇ. ಬಲೆಯ ಆಕಾರವನ್ನು ಬದಲಿಸದೆ ಕಣ್ಣಿನ ಗಾತ್ರವನ್ನಷ್ಟೇ ಹೆಚ್ಚಿಸಿದರೆ ಎಲ್50 ಅದೇ ಪ್ರಮಾಣದಲ್ಲಿ ಹೆಚ್ಚುವುದರಿಂದ ಇಲ್ಲಿನ ತಪ್ಪನ್ನು ಸಂಖ್ಯೆಯೇ ಹೇಳಿಬಿಡುತ್ತದೆ. ಎಲ್50 ಬಹುಮಟ್ಟಿಗೆ ಎರಡು ಪಟ್ಟಾಗಿದ್ದರೆ ಇಡೀ ಕಣ್ಣಿನ ಅಳತೆಯನ್ನು ಬದಿಯ ನೂಲಿನ ಜಾಗದಲ್ಲಿ ಕೊಟ್ಟಿರಬೇಕು. ಅರ್ಧವಾಗಿದ್ದರೆ ಇದರ ತಿರುಗುಮುರುಗು. ಒಳ ತೆರವು 35 ಮಿ.ಮೀ. ಇರುವ ಬಲೆಯನ್ನು ಗಂಟಿನ ನಡುವಿನ ಲೆಕ್ಕದಲ್ಲಿ 40 ಮಿ.ಮೀ. ಎಂದು ಮಾದರಿಗೆ ಕೊಟ್ಟರೆ ಎಲ್50 ಏಳನೇ ಒಂದು ಪಾಲಿನಷ್ಟು ಉಬ್ಬುತ್ತದೆ, ಮತ್ತು ಅಷ್ಟು ವ್ಯತ್ಯಾಸವನ್ನು ವರ್ತನೆಯ ಹೆಸರಿನಲ್ಲಿ ಮುಚ್ಚಿಹಾಕುವುದು ಬಹಳ ಸುಲಭ.

ಪರಿಮಿತ ಅಂಶ ವಿಧಾನವನ್ನು ಬಳಸುವವರು ಇನ್ನೊಂದನ್ನು ನೋಡಬೇಕು. ಲೆಕ್ಕ ಬೇಗ ಮುಗಿಯಲೆಂದು ಹಲವು ನಿಜ ಕಣ್ಣುಗಳನ್ನು ಸೇರಿಸಿ ಒಂದು ಗಣಕದ ಕಣ್ಣನ್ನಾಗಿ ಮಾಡುವ ರೂಢಿಯಿದೆ. ಬಲಗಳ ಲೆಕ್ಕಕ್ಕೆ ಅದು ಸರಿ, ಆದರೆ ಮೀನು ನುಸುಳುವ ಪರೀಕ್ಷೆ ನಡೆಯಬೇಕಾದುದು ನಿಜ ಕಣ್ಣಿನ ಮೇಲೆ. ಕೂಡಿಸಿದ ಕಣ್ಣಿನಿಂದ ಕೋನವನ್ನು ಮಾತ್ರ ತೆಗೆದುಕೊಳ್ಳಬೇಕು, ಗಾತ್ರವನ್ನಲ್ಲ.

ಮೀನಿನ ಉದ್ದದ ಕಡೆಯೂ ಇಂಥದೇ ಗೊಂದಲಗಳಿವೆ. ನಮ್ಮ ಕರಾವಳಿಯ ಟ್ರಾಲ್ ದೋಣಿಗಳಿಗೆ ಹೇರಳವಾಗಿ ಸಿಗುವ, ತುಳುವಿನಲ್ಲಿ ಮದಿಮಾಲ್ ಎನ್ನುವ ರಾಣಿ ಮೀನಿನ ಜಾತಿಯೊಂದಾದ ನೆಮಿಪ್ಟೆರಸ್ ಜಪಾನಿಕಸ್‌ನ ಬಾಲದ ಮೇಲಿನ ಕವಲು ಎಳೆಯಂತೆ ಉದ್ದಕ್ಕೆ ಬೆಳೆದಿರುತ್ತದೆ. ಒಬ್ಬರು ಆ ಎಳೆಯನ್ನೂ ಸೇರಿಸಿ, ಇನ್ನೊಬ್ಬರು ಅದನ್ನು ಬಿಟ್ಟು, ಮತ್ತೊಬ್ಬರು ಬಾಲದ ಕವಲಿನವರೆಗೆ ಮಾತ್ರ ಅಳೆದಿದ್ದರೆ ಒಂದೇ ಮೀನಿಗೆ ಮೂರು ಉದ್ದಗಳು ಬರುತ್ತವೆ. ಉದ್ದದ ವರ್ಗವನ್ನು ಒಂದು ಸೆಂ.ಮೀ.ಗೆ ಕೆಳಕ್ಕೆ ಇಳಿಸಿ ಬರೆಯುವ ಪದ್ಧತಿಯಿದ್ದರೆ 12 ಎಂದು ಬರೆದ ಮೀನುಗಳ ಸರಾಸರಿ ಉದ್ದ ಸುಮಾರು 12.5 ಸೆಂ.ಮೀ. ಆಗಿರುತ್ತದೆ, ಕೋಡ್ ಇದನ್ನು ಗಮನಿಸದಿದ್ದರೆ ರೇಖೆ ಸರಿಯಾಗಿ ಅರ್ಧ ಸೆಂ.ಮೀ. ಸರಿದು ನಿಲ್ಲುತ್ತದೆ.

ಕಣ್ಣಿನ ತೆರವಿನ ಕೋನ

ಅಳತೆಗಳು ಸರಿಯಿದ್ದೂ ಎಲ್50 ತಪ್ಪಿದ್ದರೆ ಹತ್ತರಲ್ಲಿ ಎಂಟು ಪಾಲು ದೋಷ ಇಲ್ಲಿರುತ್ತದೆ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಬೇರೆ ಯಾವ ಅಂಶವೂ ಕೋನದಷ್ಟು ಜೋರಾಗಿ ಎಲ್50ನ್ನು ಎಳೆದಾಡುವುದಿಲ್ಲ. ಇದನ್ನು ಕೈಲೆಕ್ಕದಲ್ಲೇ ತೋರಿಸಬಹುದು, ಮತ್ತು ಅದೇ ಕೈಲೆಕ್ಕ ಕೋಡಿನ ಪರೀಕ್ಷೆಯೂ ಆಗುತ್ತದೆ.

ಕಣ್ಣನ್ನು ನಾಲ್ಕು ಬದಿಯೂ ಸಮನಾದ ವಜ್ರಾಕೃತಿ ಎಂದೂ, ಮೀನಿನ ಅಡ್ಡಕೊಯ್ತವನ್ನು ಸ್ವಲ್ಪವೂ ಅಮುಕಲಾಗದ ದೀರ್ಘವೃತ್ತ ಎಂದೂ ಇಟ್ಟುಕೊಳ್ಳೋಣ. ಉದ್ದದ ಕರ್ಣದ ತುದಿಯ ಗಂಟಿನಲ್ಲಿ ಎರಡು ನೂಲುಗಳ ನಡುವಿನ ತೆರವೇ ಇಲ್ಲಿ ಕೋನ. ಕಣ್ಣಿನ ಉದ್ದದ ಕರ್ಣವು ಕಣ್ಣಿನ ಗಾತ್ರವನ್ನು ಅರ್ಧ ಕೋನದ ಕೊಸೈನಿನಿಂದ ಗುಣಿಸಿದಷ್ಟು, ಅಗಲದ ಕರ್ಣವು ಅದೇ ಗಾತ್ರವನ್ನು ಅರ್ಧ ಕೋನದ ಸೈನಿನಿಂದ ಗುಣಿಸಿದಷ್ಟು ಇರುತ್ತದೆ. ಮೀನಿನ ಮೈಯ ಎತ್ತರವನ್ನು ಉದ್ದದ ಕರ್ಣದಿಂದ ಭಾಗಿಸಿ ವರ್ಗ ಮಾಡಬೇಕು. ಮೈಯ ದಪ್ಪವನ್ನು ಅಗಲದ ಕರ್ಣದಿಂದ ಭಾಗಿಸಿ ವರ್ಗ ಮಾಡಬೇಕು. ಎರಡರ ಮೊತ್ತ ಒಂದನ್ನು ಮೀರದಿದ್ದರೆ ಮೀನು ಪಾರು. ಈಗ 35 ಮಿ.ಮೀ. ಕಣ್ಣಿಗೆ 20 ಮಿ.ಮೀ. ಎತ್ತರ, 10 ಮಿ.ಮೀ. ದಪ್ಪದ ಮೀನನ್ನು ಒಡ್ಡಿ ನೋಡಿದರೆ, 30 ಡಿಗ್ರಿ ಕೋನದಲ್ಲಿ ಕರ್ಣಗಳು 33.8 ಮತ್ತು 9.1 ಮಿ.ಮೀ. ಆಗಿ ಮೊತ್ತ 1.57 ಬರುತ್ತದೆ, ಅಂದರೆ ಮೀನು ಒಳಗೇ ಉಳಿಯುತ್ತದೆ. 60 ಡಿಗ್ರಿಯಲ್ಲಿ ಕರ್ಣಗಳು 30.3 ಮತ್ತು 17.5 ಮಿ.ಮೀ. ಆಗಿ ಮೊತ್ತ 0.76ಕ್ಕೆ ಇಳಿದು ಅದೇ ಮೀನು ಸಲೀಸಾಗಿ ಹೊರಬೀಳುತ್ತದೆ. ಇದೇ ಮೈಕಟ್ಟಿನ ಮೀನುಗಳಲ್ಲಿ ಪಾರಾಗಬಲ್ಲ ಅತಿ ದೊಡ್ಡದರ ಎತ್ತರ ಮೊದಲ ಕೋನದಲ್ಲಿ ಸುಮಾರು 16 ಮಿ.ಮೀ., ಎರಡನೆಯದರಲ್ಲಿ ಸುಮಾರು 23 ಮಿ.ಮೀ. ಕಣ್ಣಿನ ಗಾತ್ರ ಒಂದು ಎಳೆಯಷ್ಟೂ ಬದಲಾಗದೆ ಪಾರಾಗುವ ಮೀನಿನ ಗಾತ್ರ ನೂರಕ್ಕೆ ನಲವತ್ತಕ್ಕಿಂತ ಹೆಚ್ಚಾಗಿ ಏರಿತು.

ಈ ಸೂತ್ರದಿಂದ ಇನ್ನೊಂದು ಉಪಯುಕ್ತ ಫಲ ದೊರೆಯುತ್ತದೆ. ಕೋನವನ್ನು ಮೀನಿಗೆ ಅತ್ಯಂತ ಅನುಕೂಲವಾಗುವಂತೆ ಹೊಂದಿಸಿದಾಗ, ಮೈಯ ಎತ್ತರ ಮತ್ತು ದಪ್ಪಗಳ ಮೊತ್ತ ಕಣ್ಣಿನ ಒಳ ತೆರವನ್ನು ಮೀರದಿದ್ದರೆ ಮೀನು ಪಾರಾಗುತ್ತದೆ, ಮೀರಿದರೆ ಯಾವ ಕೋನದಲ್ಲೂ ಪಾರಾಗದು. ಮೇಲಿನ ಮೈಕಟ್ಟಿಗೆ ಆ ಕೋನ ಸುಮಾರು 70 ಡಿಗ್ರಿ. ಮೀನನ್ನು ಗಡುಸಾದ ದೀರ್ಘವೃತ್ತವೆಂದು ಘೋಷಿಸಿ, ಕೋನವನ್ನು 10ರಿಂದ 90 ಡಿಗ್ರಿಯವರೆಗೆ ಬದಲಿಸುತ್ತ ನಿಮ್ಮ ಕೋಡನ್ನು ಓಡಿಸಿದಾಗ ಈ ಮಿತಿ ಸಿಗಬೇಕು. ಸಿಗದಿದ್ದರೆ ನುಸುಳುವಿಕೆಯ ಪರೀಕ್ಷೆಯಲ್ಲೇ ದೋಷವಿದೆ, ಮುಂದೆ ಓದುವ ಮೊದಲು ಅದನ್ನು ಸರಿಪಡಿಸಬೇಕು. ಮೀನನ್ನು ಕಣ್ಣಿನ ಕರ್ಣಕ್ಕೆ ಸರಿಯಾಗಿ ತಿರುಗಿಸದೆ ಬದಿಗೆ ಸಮಾನಾಂತರವಾಗಿ ಇಟ್ಟಿರುವುದು ಇಲ್ಲಿ ಹೆಚ್ಚಾಗಿ ಕಾಣುವ ತಪ್ಪು.

ಪರೀಕ್ಷೆ ಸರಿಯಿದ್ದರೆ ಮುಂದಿನ ಪ್ರಶ್ನೆ: ಚೀಲದ ಯಾವ ಜಾಗದ ಕೋನವನ್ನು ಬಳಸುತ್ತಿದ್ದೀರಿ? ಎಳೆಯುವ ಬಲದಿಂದ ವಜ್ರಾಕೃತಿಯ ಕಣ್ಣುಗಳು ಚೀಲದ ಹೆಚ್ಚಿನ ಉದ್ದಕ್ಕೆ ಮುಚ್ಚಿಕೊಂಡಿರುತ್ತವೆ. ಹಿಂದೆ ಮೀನು ತುಂಬಿ ಚೀಲ ಉಬ್ಬಿದಾಗ ಆ ಉಬ್ಬಿನ ಮುಂಭಾಗದ ಕೆಲವು ಸಾಲುಗಳು ಮಾತ್ರ ಚೆನ್ನಾಗಿ ತೆರೆದುಕೊಳ್ಳುತ್ತವೆ, ಮತ್ತು ಪಾರಾಗುವ ಮೀನುಗಳಲ್ಲಿ ಹೆಚ್ಚಿನವು ಹೊರಬೀಳುವುದು ಅಲ್ಲಿಂದಲೇ. ಇಡೀ ಚೀಲದ ಸರಾಸರಿ ಕೋನವನ್ನು ಒಂದೇ ಸಂಖ್ಯೆಯಾಗಿ ಕೊಟ್ಟ ಮಾದರಿ ಎಲ್50ನ್ನು ಕಡಿಮೆ ಹೇಳುತ್ತದೆ. ಉಬ್ಬಿನ ಕೋನವನ್ನು ಎಳೆತದ ಮೊದಲ ಗಳಿಗೆಯಿಂದಲೇ ಕೊಟ್ಟ ಮಾದರಿ ಹೆಚ್ಚು ಹೇಳುತ್ತದೆ.

ಇದನ್ನು ಪತ್ತೆ ಹಚ್ಚಲು ಸಮುದ್ರದ ದತ್ತಾಂಶವೇ ಬೇಕಿಲ್ಲ. ಸುತ್ತಳತೆಯಲ್ಲಿರುವ ಕಣ್ಣುಗಳ ಸಂಖ್ಯೆಯನ್ನು ಹೆಚ್ಚಿಸಿ ನೋಡಿ, ಎಲ್50 ಇಳಿಯಬೇಕು. ನೂಲನ್ನು ದಪ್ಪ ಮಾಡಿ ಅಥವಾ ಒಂಟಿ ನೂಲಿನ ಬದಲು ಜೋಡಿ ನೂಲು ಹಾಕಿ, ಮತ್ತೆ ಇಳಿಯಬೇಕು. ಚೀಲದಲ್ಲಿನ ಮೀನಿನ ತೂಕವನ್ನು ಸೊನ್ನೆಯಿಂದ ಏರಿಸುತ್ತ ಹೋಗಿ, ಎಲ್50 ಮೊದಲು ಏರಿ ಆಮೇಲೆ ಸಮವಾಗುತ್ತ ಬರಬೇಕು. ಕೊನೆಯದಾಗಿ ಬಲೆಯನ್ನು 90 ಡಿಗ್ರಿ ತಿರುಗಿಸಿ ಹೊಲಿದ ಟಿ90 ಮಾದರಿಯನ್ನು ಕಟ್ಟಿ ನೋಡಿ. ಟಿ90 ಬಲೆ ಎಳೆತದಲ್ಲೂ ತೆರೆದಿರುವುದಕ್ಕೆ ಗಂಟಿನ ಗಾತ್ರ ಮತ್ತು ನೂಲಿನ ಬಾಗುಬಿಗಿತಗಳೇ ಕಾರಣ. ನಿಮ್ಮ ಮಾದರಿ ಮಾಮೂಲಿ ಬಲೆಗೂ ಟಿ90ಗೂ ಒಂದೇ ಉತ್ತರ ಕೊಟ್ಟರೆ ಆ ಎರಡೂ ಅದರೊಳಗೆ ಇಲ್ಲ ಎಂದು ತಿಳಿಯಬೇಕು. ತೆಳು ನೂಲಿನ ಸಣ್ಣ ಬಲೆಗೆ ಬಿಗಿತವನ್ನು ಬಿಟ್ಟರೂ ನಡೆದೀತು, ದಪ್ಪ ಪಾಲಿಥೀನ್ ನೂಲಿಗೆ ನಡೆಯದು.

ಇಷ್ಟಾದರೂ ಆಕಾರದ ಬಗ್ಗೆ ಸಂಶಯವಿದ್ದರೆ, ಲೆಕ್ಕವನ್ನು ಎರಡು ಬೇರೆ ಆರಂಭ ಆಕಾರಗಳಿಂದ ಓಡಿಸಬೇಕು. ಒಂದು ತೆಳ್ಳಗಿನ ಕೊಳವೆ, ಇನ್ನೊಂದು ಅಗಲವಾದ ಕೊಳವೆ. ಎರಡೂ ಒಂದೇ ಆಕಾರಕ್ಕೆ ಬಂದು ನಿಲ್ಲದಿದ್ದರೆ ಲೆಕ್ಕ ಸಮತೋಲಕ್ಕೆ ಬರುವ ಮೊದಲೇ ನಿಂತಿದೆ ಎಂದರ್ಥ.

ಒಂದು ಮೀನಿಗೆ ಸರಿ, ಇನ್ನೊಂದಕ್ಕೆ ತಪ್ಪು

ಕರ್ನಾಟಕ ಕರಾವಳಿಯ ಟ್ರಾಲ್ ಎಳೆತದಲ್ಲಿ ಒಂದೇ ಜಾತಿಯ ಮೀನು ಬರುವುದಿಲ್ಲ. ರಾಣಿ ಮೀನಿನ ಜೊತೆಗೆ ಚಪ್ಪಟೆ ಮೀನಾದ ನಂಗ್, ಪಾಂಬೋಲ್, ಬೊಂಡಾಸ್, ಸೀಗಡಿ ಎಲ್ಲವೂ ಒಂದೇ ಚೀಲ ಸೇರುತ್ತವೆ. ಮಾದರಿಯು ರಾಣಿ ಮೀನಿಗೆ ಹೊಂದಿ ನಂಗಿಗೆ ಹೊಂದದಿದ್ದರೆ ಅದು ದುಃಖಪಡುವ ವಿಷಯವಲ್ಲ, ಒಳ್ಳೆಯ ಸುಳಿವು. ಚಪ್ಪಟೆ ಮೀನಿಗೆ ಅನುಕೂಲವಾದ ಕೋನ ಬಹಳ ಕಿರಿದು: 30 ಮಿ.ಮೀ. ಅಗಲ, 5 ಮಿ.ಮೀ. ದಪ್ಪದ ದೀರ್ಘವೃತ್ತಕ್ಕೆ ಮೇಲಿನ ಸೂತ್ರದಂತೆ ಅದು ಸುಮಾರು 44 ಡಿಗ್ರಿ. ಅದೇ 35 ಮಿ.ಮೀ. ಒಳ ತೆರವನ್ನು ಚೌಕವಾಗಿ ತೆರೆದರೆ ಎರಡೂ ಕರ್ಣಗಳು 24.7 ಮಿ.ಮೀ. ಆಗಿ, ಆ ಮೀನು ಒಳಗೇ ಸಿಕ್ಕಿಬೀಳುತ್ತದೆ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯು ಎಳೆ ಮೀನುಗಳು ಉಳಿಯಲೆಂದು ಚೌಕ ಕಣ್ಣಿನ ಕೋಡ್‌ಎಂಡನ್ನು ಬಹುಕಾಲದಿಂದ ಶಿಫಾರಸು ಮಾಡುತ್ತ ಬಂದಿದೆ, ಮತ್ತು ದುಂಡು ಮೈಯ ಮೀನುಗಳಿಗೆ ಆ ಶಿಫಾರಸು ರೇಖಾಗಣಿತದ ಪ್ರಕಾರವೂ ಸರಿಯೇ. ನಂಗಿನಂಥವುಗಳಿಗೆ ಲೆಕ್ಕ ಬೇರೆಯಾಗುತ್ತದೆ ಎಂಬುದನ್ನು ಮಾದರಿ ತೋರಿಸಿದರೆ ಅದನ್ನು ದೋಷವೆಂದು ತಿದ್ದಲು ಹೋಗಬಾರದು.

ನಿಜವಾದ ದೋಷ ಹೆಚ್ಚಾಗಿ ಅಡ್ಡಕೊಯ್ತದಲ್ಲಿರುತ್ತದೆ. ಒಂದೇ ಜಾಗದಲ್ಲಿ, ಅಂದರೆ ಮೈ ಅತಿ ದಪ್ಪವಿರುವಲ್ಲಿ ಮಾತ್ರ ಅಳೆದು ಬಿಡುವುದು ಸಾಮಾನ್ಯ. ಹೊಟ್ಟೆಯ ಭಾಗ ಮೆತ್ತಗಿದ್ದು ನೂಲಿನ ಒತ್ತಡಕ್ಕೆ ಅಮುಕಿಕೊಳ್ಳುತ್ತದೆ, ತಲೆಬುರುಡೆ ಮತ್ತು ಕಿವಿರಿನ ಮುಚ್ಚಳದ ಭಾಗ ಮೂಳೆಯಾದ್ದರಿಂದ ಬಗ್ಗುವುದಿಲ್ಲ. ಆದ್ದರಿಂದ ಕೆಲವು ಮೀನುಗಳಲ್ಲಿ ಕಣ್ಣಿಗೆ ತಡೆಯಾಗುವುದು ಹೊಟ್ಟೆಗಿಂತ ಸಣ್ಣದಾದ ತಲೆಯೇ. ಕನಿಷ್ಠ ಎರಡು ಅಡ್ಡಕೊಯ್ತಗಳನ್ನು ಇಟ್ಟು, ಪ್ರತಿಯೊಂದಕ್ಕೂ ಬೇರೆ ಅಮುಕುವ ಪ್ರಮಾಣ ಕೊಡಬೇಕು. ಫಿಶ್‌ಸೆಲೆಕ್ಟ್ ವಿಧಾನದಲ್ಲಿ ಮಾಡುವಂತೆ, ಬೇರೆ ಬೇರೆ ಆಕಾರದ ತೂತುಗಳನ್ನು ಕೊರೆದ ಗಟ್ಟಿ ಫಲಕಗಳ ಮೇಲೆ ಈಗಷ್ಟೇ ಹಿಡಿದ ಮೀನನ್ನು ತಲೆ ಕೆಳಗಾಗಿ ಇಟ್ಟು, ಅದರ ತೂಕದಿಂದಲೇ ಜಾರಿ ಹೋಗುತ್ತದೆಯೇ ಎಂದು ನೋಡಿದರೆ ಈ ಪ್ರಮಾಣವನ್ನು ಊಹಿಸುವ ಅಗತ್ಯ ಬೀಳುವುದಿಲ್ಲ. ಮಂಜುಗಡ್ಡೆಯಲ್ಲಿಟ್ಟು ಸೆಡೆತ ಮೀನಿನಿಂದ ಈ ಪರೀಕ್ಷೆ ಮಾಡಿದರೆ ಫಲವಿಲ್ಲ.

ರೇಖೆ ಅತಿ ಕಡಿದಾಗಿದ್ದರೆ

ಎಲ್ಲ ಕಣ್ಣುಗಳಿಗೂ ಒಂದೇ ಕೋನ, ಒಂದೇ ಉದ್ದದ ಎಲ್ಲ ಮೀನುಗಳಿಗೂ ಒಂದೇ ಮೈಕಟ್ಟು ಕೊಟ್ಟರೆ ರೇಖೆ ಕತ್ತಿಯ ಅಲಗಿನಂತೆ ಬರುವುದು ಸಹಜ. ಚೀಲದ ಸಾಲುಗಳ ನಡುವಿನ ಕೋನದ ವ್ಯತ್ಯಾಸ, ಎಳೆತದ ಆರಂಭಕ್ಕೂ ಕೊನೆಗೂ ಇರುವ ವ್ಯತ್ಯಾಸ, ಮೀನಿನ ಪುಷ್ಟಿಯ ವ್ಯತ್ಯಾಸ, ಈ ಮೂರನ್ನು ಸೇರಿಸಿದರೆ ಹರವು ತಾನಾಗಿ ಬಹಳಷ್ಟು ಅಗಲವಾಗುತ್ತದೆ. ಆದರೂ ಸಾಲದಿದ್ದರೆ ಹೋಲಿಕೆಯೇ ತಪ್ಪಿರಬಹುದು. ಹಲವು ಎಳೆತಗಳ ಮೀನನ್ನು ಒಟ್ಟುಗೂಡಿಸಿ ಎಳೆದ ರೇಖೆ ಯಾವುದೇ ಒಂದು ಎಳೆತದ ರೇಖೆಗಿಂತ ಸಾಮಾನ್ಯವಾಗಿ ಅಗಲವಾಗಿರುತ್ತದೆ, ಏಕೆಂದರೆ ಎಳೆತದಿಂದ ಎಳೆತಕ್ಕೆ ಎಲ್50 ಬದಲಾಗುತ್ತದೆ. ಈ ವ್ಯತ್ಯಾಸವನ್ನು ಪ್ರತ್ಯೇಕವಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವ ವಿಧಾನವನ್ನು ಫ್ರೈಯರ್ 1991ರಲ್ಲೇ ಕೊಟ್ಟಿದ್ದಾರೆ. ಒಂದು ಎಳೆತದ ಸಿಮ್ಯುಲೇಶನನ್ನು ಒಟ್ಟುಗೂಡಿಸಿದ ದತ್ತಾಂಶದ ಪಕ್ಕ ಇಟ್ಟು ಮಾದರಿಯನ್ನು ದೂರುವುದು ನ್ಯಾಯವಲ್ಲ.

ಕಾಲದ ಹೆಜ್ಜೆ ಮತ್ತು ಯಾದೃಚ್ಛಿಕತೆ

ಕಾಲದ ಹೆಜ್ಜೆಯನ್ನು ಅರ್ಧ ಮಾಡಿದಾಗ ಎಲ್50 ಬದಲಾದರೆ, ನುಗ್ಗುವ ಸಂಭವನೀಯತೆಯನ್ನು ಪ್ರತಿ ಸೆಕೆಂಡಿಗೆ ಕೊಡುವ ಬದಲು ಪ್ರತಿ ಹೆಜ್ಜೆಗೆ ಕೊಟ್ಟಿರುವುದು ಬಹುತೇಕ ಖಚಿತ. ಹೆಜ್ಜೆ ಅರ್ಧವಾದರೆ ಮೀನಿಗೆ ಸಿಗುವ ಅವಕಾಶ ಇಮ್ಮಡಿಯಾಗುತ್ತದೆ. ಸೆಕೆಂಡಿನ ದರವನ್ನು ಹೆಜ್ಜೆಯ ಅವಧಿಯಿಂದ ಗುಣಿಸಿ, ಆ ಗುಣಲಬ್ಧದ ಋಣ ಸಂಖ್ಯೆಯನ್ನು ಘಾತವಾಗಿಟ್ಟು ಇ (2.718) ಸಂಖ್ಯೆಯನ್ನು ಏರಿಸಿ, ಬಂದುದನ್ನು ಒಂದರಿಂದ ಕಳೆದು ಸಂಭವನೀಯತೆಯನ್ನು ಪಡೆಯಬೇಕು. ಯಾದೃಚ್ಛಿಕ ಸಂಖ್ಯೆಗಳ ಸೀಡ್ (ಆರಂಭದ ಸಂಖ್ಯೆ) ಬದಲಿಸಿದಾಗ ರೇಖೆ ಕುಣಿಯುತ್ತಿದ್ದರೆ ಮೀನುಗಳು ಸಾಲದು: ಅರ್ಧ ಉಳಿಯುವ ಉದ್ದದಲ್ಲಿ 100 ಮೀನುಗಳಿದ್ದರೆ ಪ್ರಮಾಣದ ದೋಷ 0.05, 1000 ಇದ್ದರೆ 0.016. ಇನ್ನು ಸಣ್ಣ ಮೀನಿನ ಕಡೆ ರೇಖೆ ಸೊನ್ನೆ ಮುಟ್ಟದಿದ್ದರೆ, ಎಳೆತದ ಕೊನೆಯ ನಿಮಿಷಗಳಲ್ಲಿ ಒಳಬಂದ ಮೀನುಗಳಿಗೆ ಪಾರಾಗಲು ಹೊತ್ತು ಸಿಕ್ಕಿಲ್ಲವೆಂದೂ ಇರಬಹುದು, ಅದು ನಿಜದಲ್ಲೂ ನಡೆಯುವುದೇ. ಆದರೆ ನಿಜದಲ್ಲಿ ಬಲೆಯನ್ನು ಮೇಲೆತ್ತುವಾಗ ಎಳೆತ ಸಡಿಲಿ ಕಣ್ಣುಗಳ ಆಕಾರ ಬದಲಾಗಿ ಇನ್ನಷ್ಟು ಮೀನುಗಳು ಹೊರಬೀಳುತ್ತವೆ. ಎಳೆತ ಮುಗಿದ ಕ್ಷಣಕ್ಕೇ ಲೆಕ್ಕ ನಿಲ್ಲಿಸುವ ಮಾದರಿ ಅವುಗಳನ್ನು ಉಳಿದವೆಂದೇ ಎಣಿಸುತ್ತದೆ.

ದೋಷ ಸಮುದ್ರದ ದತ್ತಾಂಶದಲ್ಲಿದ್ದರೆ

ಪಾರಾದ ಮೀನುಗಳನ್ನು ಹಿಡಿಯಲು ಕೋಡ್‌ಎಂಡಿನ ಸುತ್ತ ಸಣ್ಣ ಕಣ್ಣಿನ ಹೊರಬಲೆ ಕಟ್ಟುವುದುಂಟು. ಅದನ್ನು ಬಳೆಗಳಿಂದಲೋ ಗಾಳಿಪಟದಂಥ ಹಾಳೆಗಳಿಂದಲೋ ದೂರ ಹಿಡಿಯದಿದ್ದರೆ ಅದು ಕೋಡ್‌ಎಂಡಿಗೆ ಅಂಟಿಕೊಂಡು ಕಣ್ಣುಗಳನ್ನೇ ಮುಚ್ಚುತ್ತದೆ, ದಾಖಲಾದ ಎಲ್50 ನಿಜಕ್ಕಿಂತ ಕಡಿಮೆ ಬರುತ್ತದೆ. ಪ್ರಯೋಗದ ಬಲೆಯನ್ನೂ ಎಲ್ಲ ಗಾತ್ರದ ಮೀನನ್ನು ಹಿಡಿದಿಡುವ ಸಣ್ಣ ಕಣ್ಣಿನ ಬಲೆಯನ್ನೂ ಜೊತೆಯಾಗಿ ಎಳೆದಿದ್ದರೆ, ಎರಡರ ಒಟ್ಟು ಮೀನಿನಲ್ಲಿ ಪ್ರಯೋಗದ ಬಲೆಗೆ ಬಂದ ಪಾಲು ದೊಡ್ಡ ಮೀನಿನ ಕಡೆ ಒಂದಕ್ಕೆ ಏರದೆ 0.5ರ ಆಸುಪಾಸಿನಲ್ಲಿ ನಿಲ್ಲುತ್ತದೆ. ರಸೆಲ್ ಮಿಲ್ಲರ್ 1992ರಲ್ಲಿ ಕೊಟ್ಟ ಸೆಲೆಕ್ಟ್ ವಿಧಾನದಂತೆ ಎರಡು ಬಲೆಗಳ ನಡುವಿನ ಹಂಚಿಕೆಯನ್ನು ಬೇರ್ಪಡಿಸಿದ ಮೇಲೆಯೇ ಅದನ್ನು ಮಾದರಿಯ ರೇಖೆಯೊಂದಿಗೆ ಹೋಲಿಸಬಹುದು.

ಇವೆರಡಕ್ಕಿಂತ ಸುಲಭವಾಗಿ ಕಣ್ತಪ್ಪುವುದು ಅಳತೆಗೆಂದು ತೆಗೆದ ಒಂದು ಪಾಲು ಮೀನಿನ ಲೆಕ್ಕ. ಹೊರಬಲೆಯಲ್ಲಿ ಮೀನು ರಾಶಿ ಬಿದ್ದು ಕಾಲು ಭಾಗ ಮಾತ್ರ ಅಳೆದು, ಆಮೇಲೆ ನಾಲ್ಕರಿಂದ ಗುಣಿಸಲು ಮರೆತರೆ ಪಾರಾದ ಮೀನುಗಳು ಕಡಿಮೆಯಾಗಿ ತೋರುತ್ತವೆ. ಇದರಿಂದ ಲಾಜಿಸ್ಟಿಕ್ ರೇಖೆಯ ಇಳಿಜಾರು ಬದಲಾಗುವುದಿಲ್ಲ. ಎಲ್50 ಮಾತ್ರ ನಾಲ್ಕರ ಸಹಜ ಲಾಗರಿದಮ್ಮನ್ನು ಇಳಿಜಾರಿನ ಗುಣಾಂಕದಿಂದ ಭಾಗಿಸಿದಷ್ಟು, ಅಂದರೆ ಹರವಿನ 0.63 ಪಾಲಿನಷ್ಟು, ಕೆಳಗೆ ಸರಿಯುತ್ತದೆ. ಹರವು ಸರಿಯಾಗಿದ್ದು ಎಲ್50 ಮಾತ್ರ ಇಷ್ಟು ತಪ್ಪಿದ್ದರೆ ಗಣಕವನ್ನು ಬಿಟ್ಟು ಅಳತೆಯ ಪುಸ್ತಕವನ್ನು ತೆರೆಯುವುದು ಲೇಸು.

ಕೊನೆಗೆ ವರ್ತನೆ

ಇಷ್ಟರ ನಂತರವೂ ಉಳಿಯುವ ವ್ಯತ್ಯಾಸವನ್ನು ವರ್ತನೆಗೆ ಬಿಡಬಹುದು, ಆದರೆ ಒಂದೊಂದಾಗಿ. ಒಂದಿಷ್ಟು ಮೀನುಗಳು ಕಣ್ಣನ್ನು ಮುಟ್ಟುವುದೇ ಇಲ್ಲ ಎಂದು ಕೊಟ್ಟರೆ ಸಣ್ಣ ಮೀನಿನ ಕಡೆ ರೇಖೆ ಮೇಲೆ ನಿಲ್ಲುತ್ತದೆ, ದೊಡ್ಡ ಮೀನಿನ ಕಡೆ ಏನೂ ಆಗುವುದಿಲ್ಲ. ಬೇಗ ದಣಿಯುತ್ತವೆ ಎಂದು ಕೊಟ್ಟರೆ, ಕಣ್ಣಿಗೆ ಬಿಗಿಯಾಗಿ ಹೊಂದುವ ಮಧ್ಯಮ ಗಾತ್ರದವು ಮೊದಲು ಸೋಲುತ್ತವೆ, ಏಕೆಂದರೆ ಅವಕ್ಕೆ ಸರಿಯಾದ ಓರೆ ಸಿಗಲು ಹಲವು ಯತ್ನಗಳು ಬೇಕು. ಹಾಗಾಗಿ ಎಲ್50 ಇಳಿದು ಹರವು ಅಗಲವಾಗುತ್ತದೆ. ಪಾಂಬೋಲಿನಂಥ ಉದ್ದ ಮೀನೋ ಲೋಳೆ ಮೀನೋ ಕಣ್ಣುಗಳಿಗೆ ಸಿಕ್ಕಿ ದಾರಿ ಮುಚ್ಚಿದ್ದರೆ ಅದು ವರ್ತನೆಯಲ್ಲ, ತೆರೆದ ಸಾಲುಗಳ ಸಂಖ್ಯೆ ಕಡಿಮೆಯಾದದ್ದು, ಅದನ್ನು ಬಲೆಯ ಕಡೆಯೇ ಸೇರಿಸಬೇಕು. ಒಂದು ಬಲೆಯ ದತ್ತಾಂಶದಿಂದ ಹೊಂದಿಸಿದ ವರ್ತನೆಯ ನಿಯತಾಂಕಗಳನ್ನು ಹಾಗೆಯೇ ಬಿಗಿದಿಟ್ಟು, ಸುತ್ತಳತೆಯ ಕಣ್ಣುಗಳ ಸಂಖ್ಯೆ ಬೇರೆಯಿರುವ ಅಥವಾ ಚೌಕ ಕಣ್ಣಿರುವ ಎರಡನೆಯ ಬಲೆಯ ಎಳೆತವನ್ನು ಮುಂಚಿತವಾಗಿ ಲೆಕ್ಕ ಹಾಕಿ ನೋಡಬೇಕು. ಎರಡನೆಯದಕ್ಕೆ ಅವನ್ನು ಮತ್ತೆ ತಿರುಗಿಸಬೇಕಾಗಿ ಬಂದರೆ ದೋಷ ಇನ್ನೂ ಕಣ್ಣಿನ ಆಕಾರದಲ್ಲೇ ಇದೆ. ಕೋನದ ಪರೀಕ್ಷೆಗಳಿಗೆ ಹಿಂತಿರುಗಿ, ಸುತ್ತಳತೆ ಮತ್ತು ನೂಲಿನ ಬಿಗಿತದಿಂದ ಮತ್ತೆ ಶುರುಮಾಡಬೇಕು.